10 ಇಂಚಿನ ಸ್ಪೀಕರ್ ಹಾಕಿಸಿದರೂ ಪೆಡಲ್ ಸ್ಟೀಲ್ ಸದ್ದು ಒಡೆಯುತ್ತಿದೆ, ಯಾರಾದ್ರೂ ದಾರಿ ತೋರಿಸಿ

ಬಂಗಾರಪೇಟೆ_ಬಾರ್
ತಲೆ ಕೆಟ್ಟುಹೋಗಿದೆ ಸ್ವಾಮಿ. ಪೆಡಲ್ ಸ್ಟೀಲ್ ಗಿಟಾರ್‌ಗೆ ಅಂತ 15 ವ್ಯಾಟ್‌ನ ಸಣ್ಣ ಆಂಪ್ ತಗೊಂಡೆ. ಮನೆಯಲ್ಲಿ ನುಡಿಸೋಕೆ ಧಾರಾಳ ಸಾಕು ಅಂದಿದ್ದರು. ದಪ್ಪ ತಂತಿ ಮೀಟಿದರೆ ಬರ್‌ರ್ ಅಂತ ಒಡೆಯುತ್ತದೆ. 8 ಇಂಚಿನ ಸ್ಪೀಕರ್ ಸಾಲದು ಅಂತ 10 ಇಂಚಿನದು ಹಾಕಿಸಿದೆ. ಈಗ ಮೊದಲಿಗಿಂತ ಕಡೆ. ಸದ್ದೂ ಕಮ್ಮಿ. ಸಣ್ಣ ತಂತಿಗಳು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತವೆ. ವಾಲ್ಯೂಮ್ ಪೆಡಲ್ ಪೂರ್ತಿ ಒತ್ತಿದರೂ ಅಷ್ಟೇ. ಭಾನುವಾರ ಕೆಜಿಎಫ್‌ನಲ್ಲಿ ಚರ್ಚ್‌ನಲ್ಲಿ ನುಡಿಸಬೇಕು. ಏನು ಬದಲಾಯಿಸಲಿ? ಸುಮ್ನೆ "ಹೊಸದು ತಗೊಳ್ಳಿ" ಅನ್ನಬೇಡಿ.

ಅರ್ತ್_ಗುರು, ಕೋಲಾರ
ಇದು ಅರ್ತಿಂಗ್ ಸಮಸ್ಯೆ. ಅನುಮಾನವೇ ಬೇಡ. ನಮ್ಮ ಕಡೆ ನೆಲ ಒಣಗಿದರೆ ಅರ್ತ್ ಗುಂಡಿ ಇದ್ದೂ ಇಲ್ಲದ ಹಾಗೆ. ಉಪ್ಪು, ಇದ್ದಿಲು ಹಾಕಿಸಿ, ಪೈಪಿಗೆ ಒಂದೆರಡು ಬಿಂದಿಗೆ ನೀರು ಹುಯ್ಯಿರಿ. ತಂತಿ ಮುಟ್ಟಿದಾಗ ಗುಂಯ್ ಅನ್ನೋದು ಕಮ್ಮಿ ಆಗುತ್ತಾ?

ಬಂಗಾರಪೇಟೆ_ಬಾರ್
ಗುಂಯ್ ಅಲ್ಲ ಸಾರ್, ಬರ್‌ರ್. ನುಡಿಸದೆ ಕೂತರೆ ಆಂಪ್ ಸದ್ದಿಲ್ಲದೆ ಇರುತ್ತದೆ.

ಅರ್ತ್_ಗುರು, ಕೋಲಾರ
ಅರ್ತ್ ಕೆಟ್ಟರೆ ಎಲ್ಲ ಥರದ ಸದ್ದೂ ಬರುತ್ತದೆ. ನ್ಯೂಟ್ರಲ್‌ಗೂ ಅರ್ತ್‌ಗೂ ಮಲ್ಟಿಮೀಟರ್ ಹಿಡಿದು ಎಷ್ಟು ವೋಲ್ಟ್ ತೋರಿಸುತ್ತದೆ ಹೇಳಿ.

ಶಿರಾಗೇಟ್_ಸ್ಟೇಜ್, ತುಮಕೂರು
ಪೆಡಲ್ ಸ್ಟೀಲ್ ಅಂದರೆ ಹವಾಯಿಯನ್ ಗಿಟಾರ್ ತಾನೇ? ನಮ್ಮ ಆರ್ಕೆಸ್ಟ್ರಾದಲ್ಲೂ ಇತ್ತು. 2ಎನ್3055 ಟ್ರಾನ್ಸಿಸ್ಟರ್ ಹಾಕಿ ನಾವೇ ಕಟ್ಟಿದ ಆಂಪ್, ಎರಡು 15 ಇಂಚಿನ ಡಬ್ಬ. ಜಾತ್ರೆ ಮೈದಾನದ ಆ ಕಡೆ ನಿಂತವರಿಗೂ ಕೇಳಿಸುತ್ತಿತ್ತು. ಈಗಿನವರಿಗೆ ಎಲ್ಲ ಸಣ್ಣದು ಬೇಕು.

ಚಿಂತಾಮಣಿ_ವಾಲ್ವ್
ಅಣ್ಣ, ಎರಡೂ ಒಂದೇ ಅಲ್ಲ. ಹವಾಯಿಯನ್‌ನಲ್ಲಿ ತಂತಿ ಮೇಲೆ ಹಿಡಿಯೋ ಸ್ಟೀಲ್ ಬಾರ್ ಮಾತ್ರ ಜಾರುತ್ತದೆ. ಇದರಲ್ಲಿ ಕಾಲಲ್ಲಿ ಪೆಡಲ್ ಒತ್ತಿದರೆ ತಂತಿಯ ಶ್ರುತಿಯೇ ಬದಲಾಗುತ್ತದೆ. ಇ9 ಅನ್ನೋ ಟ್ಯೂನಿಂಗ್‌ನಲ್ಲಿ ಮೊದಲ ಪೆಡಲ್ ಬಿ ತಂತಿಗಳನ್ನು ಸಿ ಶಾರ್ಪ್‌ಗೆ ಏರಿಸುತ್ತದೆ, ಎರಡನೆಯದು ಜಿ ಶಾರ್ಪ್ ತಂತಿಗಳನ್ನು ಎ ಮಾಡುತ್ತದೆ.

ಶಿರಾಗೇಟ್_ಸ್ಟೇಜ್, ತುಮಕೂರು
ಕಾಲಿಗೂ ಕೆಲಸ ಕೊಟ್ಟಿದ್ದಾರೆ ಅಷ್ಟೇ. ಬಾರ್ ಜಾರಿಸೋದು ಎರಡರಲ್ಲೂ ಇದೆ ಅಲ್ವಾ? ಹಾಗಾದರೆ ತಂಗಿ ಅನ್ನಿ.

ಐಸಿ_ಸುಟ್ಟವನು, ಗೌರಿಬಿದನೂರು
ಕೇಳಬೇಕಾದ್ದನ್ನು ಯಾರೂ ಕೇಳುತ್ತಿಲ್ಲ. ಯಾವ ಥರದ 10 ಇಂಚು? ಎಷ್ಟು ಓಮ್? ಹಳೇದು ಎಷ್ಟು ಓಮ್ ಇತ್ತು? ವಾಲ್ಯೂಮ್ ಪೆಡಲ್ ಯಾವುದು?

ಬಂಗಾರಪೇಟೆ_ಬಾರ್
ಇದೆಲ್ಲ ಯಾಕೆ ಬೇಕೋ ಗೊತ್ತಾಗಲಿಲ್ಲ. ಸ್ಪೀಕರ್ ಕಾರಿಗೆ ಹಾಕೋದು. ರಬ್ಬರ್ ಅಂಚು, ಎತ್ತೋಕಾಗದ ಮ್ಯಾಗ್ನೆಟ್, 300 ವ್ಯಾಟ್ ಅಂತ ಬರೆದಿದೆ. ಒಳ್ಳೇದೇ. ಹಿಂದೆ ಎರಡು ಕಾಯಿಲ್, ಒಂದೊಂದೂ 4 ಓಮ್. ಅಂಗಡಿ ಹುಡುಗ ಸೀರೀಸ್ ಮಾಡಿಕೊಟ್ಟ. ಹಳೇದರ ಮೇಲೆ 4 ಓಮ್ ಅಂತ ಇತ್ತು. ಪೆಡಲ್ ಅಕ್ಕನ ಮಗನ ಕೀಬೋರ್ಡಿಂದು.

ಐಸಿ_ಸುಟ್ಟವನು, ಗೌರಿಬಿದನೂರು
ಸಿಕ್ಕಿತು. ಮೂರು ಬೇರೆ ಬೇರೆ ಕಾಯಿಲೆ ಇವೆ, ನೀವು ಒಂದೇ ಅಂದುಕೊಂಡಿದ್ದೀರಿ.

ಮೊದಲನೇದು ಸ್ಪೀಕರ್. ಸೀರೀಸ್ ಮಾಡಿದ ಮೇಲೆ 8 ಓಮ್ ಆಯಿತು. ಇಂಥ ಆಂಪ್‌ನಲ್ಲಿ ಸಾಮಾನ್ಯವಾಗಿ ಟಿಡಿಎ2030 ಥರದ ಐಸಿ, ಅಂದರೆ ಸದ್ದು ಜೋರು ಮಾಡೋ ಚಿಪ್ ಇರುತ್ತದೆ. 4 ಓಮ್‌ಗೆ 14 ವ್ಯಾಟ್ ಕೊಡೋದು 8 ಓಮ್‌ಗೆ 9ರ ಹತ್ತಿರಕ್ಕೆ ಇಳಿಯುತ್ತದೆ. ಸ್ಪೀಕರ್ ಮೇಲಿರೋ 300 ವ್ಯಾಟ್ ಅದು ತಡೆದುಕೊಳ್ಳೋ ಶಕ್ತಿ, ಕೊಡೋ ಸದ್ದಲ್ಲ. ಡಿಬಿ ನೋಡಿ, ಅಂದರೆ 1 ವ್ಯಾಟ್‌ಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಅನ್ನೋ ಅಳತೆ. ನಿಮ್ಮ ಥರದ ಕಾರ್ ವೂಫರ್ (ತಗ್ಗು ಸದ್ದಿನ ಸ್ಪೀಕರ್) 86ರ ಆಸುಪಾಸು, ಒಳ್ಳೆ ಗಿಟಾರ್ ಸ್ಪೀಕರ್ 98. ಪ್ರತಿ 3 ಡಿಬಿಗೆ ಪವರ್ ಎರಡು ಪಟ್ಟು ಬೇಕು. 12 ಡಿಬಿ ಅಂದರೆ 16 ಪಟ್ಟು! ಗಿಟಾರ್ ಸ್ಪೀಕರ್ 1 ವ್ಯಾಟ್‌ನಲ್ಲಿ ಕೊಡೋ ಸದ್ದಿಗೆ ನಿಮ್ಮ ವೂಫರ್ 16 ವ್ಯಾಟ್ ಕೇಳುತ್ತದೆ. ನಿಮ್ಮ ಹತ್ತಿರ ಇರೋದು 9. ನಾಬ್ ತಿರುಗಿಸುತ್ತೀರಿ, ಐಸಿ ಕೈ ಚೆಲ್ಲುತ್ತದೆ, ಬರ್‌ರ್.

ಇನ್ನೊಂದು ತಮಾಷೆ ನೋಡಿ. ಇ9ನಲ್ಲಿ ಅತಿ ದಪ್ಪ 10ನೇ ತಂತಿಯೇ 123 ಹರ್ಟ್ಸ್. ಅದರ ಕೆಳಗೆ ನಿಮ್ಮ ವಾದ್ಯದಲ್ಲಿ ಹೆಚ್ಚೇನೂ ಇಲ್ಲ. ವೂಫರ್ ಚೆನ್ನಾಗಿ ಕೆಲಸ ಮಾಡೋದು ಅದರ ಕೆಳಗೇ.

ಎರಡನೇದು ವಾಲ್ಯೂಮ್ ಪೆಡಲ್. ಕೀಬೋರ್ಡ್ ಪೆಡಲ್‌ನಲ್ಲಿ ಸಾಮಾನ್ಯವಾಗಿ 25 ಕೆ, 50 ಕೆ (ಕಿಲೋ ಓಮ್) ಪಾಟ್, ಅಂದರೆ ಸದ್ದು ಏರಿಸಿ ಇಳಿಸೋ ರೆಸಿಸ್ಟರ್. ಸ್ಟೀಲ್ ಪಿಕಪ್‌ಗೆ 500 ಕೆ ಬೇಕು. ಸಣ್ಣ ತಂತಿಯ ಹೊಳಪನ್ನೆಲ್ಲ ಅದೇ ತಿನ್ನುತ್ತಿದೆ. ಪೆಡಲ್ ತೆಗೆದು ಕೇಬಲ್ ನೇರ ಹಾಕಿ ನೋಡಿ.

ಮೂರನೇದು ನಿಮ್ಮ ಕಾಲು, ಬೇಜಾರಾಗಬೇಡಿ. ಮೀಟುವಾಗ ವಾಲ್ಯೂಮ್ ಪೆಡಲ್ ಅರ್ಧದಲ್ಲಿರಬೇಕು. ಸ್ವರ ಕರಗುತ್ತಾ ಹೋದ ಹಾಗೆ ಒತ್ತುತ್ತಾ ಹೋಗಬೇಕು. ಪೂರ್ತಿ ಒತ್ತಿಟ್ಟು ಮೀಟಿದರೆ ಮೊದಲ ಏಟಿಗೇ ಒಡೆಯುತ್ತದೆ.

ಶಿರಾಗೇಟ್_ಸ್ಟೇಜ್, ತುಮಕೂರು
ಇಷ್ಟು ಪುರಾಣ ಯಾಕೆ? ಎರಡು ಕಾಯಿಲ್ ಪ್ಯಾರಲಲ್ ಮಾಡಿಬಿಡಿ. ಓಮ್ ಕಮ್ಮಿ, ಪವರ್ ಜಾಸ್ತಿ.

ಐಸಿ_ಸುಟ್ಟವನು, ಗೌರಿಬಿದನೂರು
ಬಂಗಾರಪೇಟೆಯವರೇ, ದಯವಿಟ್ಟು ಮಾಡಬೇಡಿ. 2 ಓಮ್ ಆಗುತ್ತದೆ. 4 ಓಮ್‌ಗೆ ಮಾಡಿದ ಆಂಪ್‌ಗೆ 2 ಓಮ್ ಕೊಟ್ಟರೆ ಐಸಿ ಹೋಗುತ್ತದೆ. ನನ್ನ ಹೆಸರು ನೋಡಿದ್ದೀರಲ್ಲ.

ಶಿರಾಗೇಟ್_ಸ್ಟೇಜ್, ತುಮಕೂರು
2ಎನ್3055 ಆಗಿದ್ದರೆ ತಡೆಯುತ್ತಿತ್ತು.

ಚಿಂತಾಮಣಿ_ವಾಲ್ವ್
ತಡೆಯುತ್ತಿರಲಿಲ್ಲ ಅಣ್ಣ, ಸ್ವಲ್ಪ ತಡವಾಗಿ ಹೊಗೆ ಬರುತ್ತಿತ್ತು.

ಸ್ಟೀಲ್ ನುಡಿಸುವವರು ದೊಡ್ಡ ಆಂಪ್ ಇಟ್ಟುಕೊಳ್ಳೋದು ಜೋರಾಗಿ ನುಡಿಸೋಕಲ್ಲ. ಮೊದಲ ಏಟು ಒಡೆಯದೆ ಹೋಗಬೇಕು, ಅದಕ್ಕೆ. ಫೆಂಡರ್ ಟ್ವಿನ್ ರಿವರ್ಬ್ 85 ವ್ಯಾಟ್. ಪೀವಿ ನ್ಯಾಶ್‌ವಿಲ್ 112, ಅದು "ಸಣ್ಣ" ಸ್ಟೀಲ್ ಆಂಪ್, 80 ವ್ಯಾಟ್. ನ್ಯಾಶ್‌ವಿಲ್ 400ಕ್ಕೆ 15 ಇಂಚು, 210 ವ್ಯಾಟ್. ಅಮೆರಿಕದಿಂದ ತರಿಸಿದರೆ 120 ವೋಲ್ಟ್ ಅಂತ ಮರೆಯಬೇಡಿ. ನಮ್ಮ 230ಕ್ಕೆ ನೇರ ಚುಚ್ಚಿದರೆ ಕಥೆ ಮುಗಿಯಿತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ನಾನು ಎಲ್‌ಎಂ3886 ಐಸಿಯಲ್ಲಿ ಕಟ್ಟಿಕೊಂಡಿದ್ದೇನೆ. ಪ್ಲಸ್ ಮೈನಸ್ 28 ವೋಲ್ಟ್, 4 ಓಮ್‌ಗೆ 68 ವ್ಯಾಟ್. 8 ಓಮ್ ಆದರೆ 38. ಹೀಟ್‌ಸಿಂಕ್ ಇಟ್ಟಿಗೆಯಷ್ಟು ದೊಡ್ಡದು ಹಾಕಿ. ಅದರ ಮುಂದೆ ಹಳೇ ಗಾಜಿನ ವಾಲ್ವ್ ಹಾಕಿದ ಪ್ರೀಆಂಪ್, ಹಿಂದೆ ತೆರೆದ ಪ್ಲೈವುಡ್ ಡಬ್ಬ, 12 ಇಂಚು. ರಾತ್ರಿ ವಾಲ್ವ್ ಬೆಳಕಲ್ಲಿ ಕೂತು ನುಡಿಸಿದರೆ… ಫೋಟೋ ಹಾಕಲಾ?

ಶಿರಾಗೇಟ್_ಸ್ಟೇಜ್, ತುಮಕೂರು
ಹಾಕಿ ಹಾಕಿ. ಆಮೇಲೆ ನನ್ನದೂ ಹಾಕುತ್ತೇನೆ, ಪಕ್ಕ ಪಕ್ಕ ಇಟ್ಟು ನೋಡೋಣ.

ಬಂಗಾರಪೇಟೆ_ಬಾರ್
ಫೋಟೋ ಆಮೇಲೆ ಹಾಕಿ. ಕೇಬಲ್ ನೇರ ಹಾಕಿ ನೋಡಿದೆ. ಸಣ್ಣ ತಂತಿ ಕೊಂಚ ತೆರೆದುಕೊಂಡಿತು. ಬರ್‌ರ್ ಹಾಗೇ ಇದೆ. ಆದರೂ ಇಷ್ಟು ದುಡ್ಡು ಕೊಟ್ಟ ಸ್ಪೀಕರ್ ಕೆಟ್ಟದ್ದು ಅಂದರೆ ನಾನು ಒಪ್ಪಲ್ಲ. ಹಳೇ ಸ್ಪೀಕರ್ ಬೀದಿ ಹುಡುಗರು ಗಣೇಶನ ಪೆಂಡಾಲಿಗೆ ಒಯ್ದರು.

ಐಸಿ_ಸುಟ್ಟವನು, ಗೌರಿಬಿದನೂರು
ಸ್ಪೀಕರ್ ಕೆಟ್ಟದ್ದಲ್ಲ ಸಾರ್, ಕಾರಿಗೆ ಚೆನ್ನಾಗಿದೆ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೆ 4 ಓಮ್ ಸ್ಪೀಕರ್ ಕೇಳಿ. ಕಾಗದದ ಅಂಚು, ಹಗುರ ಕೋನ್, 95 ಡಿಬಿಗಿಂತ ಮೇಲೆ. 300 ವ್ಯಾಟ್ ಅಂತ ಬರೆದದ್ದು ಕಂಡರೆ ಮುಂದಿನ ಅಂಗಡಿಗೆ ನಡೀರಿ. ಭಾನುವಾರದ ಮಟ್ಟಿಗೆ ಆಂಪ್ ಸಣ್ಣಗೆ ಇಟ್ಟು ಮುಂದೆ ಮೈಕ್ ಇಡಿ. ಜೋರು ಮಾಡೋ ಕೆಲಸ ಚರ್ಚ್‌ನ ಮಿಕ್ಸರ್ ನೋಡಿಕೊಳ್ಳಲಿ.

ಬಂಗಾರಪೇಟೆ_ಬಾರ್
ಮೈಕ್ ಇಡೋದು ಆಗುತ್ತದೆ. ಫಾದರ್‌ಗೆ ಕೇಳುತ್ತೇನೆ. 500 ಕೆ ಪೆಡಲ್ ಬೆಂಗಳೂರಲ್ಲಿ ಸಿಗುತ್ತಾ, ಇಲ್ಲ ಇದರ ಪಾಟ್ ಬಿಚ್ಚಿ ಬದಲಾಯಿಸಬಹುದಾ?

ಅರ್ತ್_ಗುರು, ಕೋಲಾರ
ಎಲ್ಲ ಸರಿ. ಮೀಟರ್ ರೀಡಿಂಗ್ ಎಷ್ಟು ಬಂತು ಅಂತ ಹೇಳಲೇ ಇಲ್ಲ.

ಮಾಲೂರು_800
ಆ ಕಾರ್ ವೂಫರ್ ಕೊಡೋದಿದ್ದರೆ ಮೆಸೇಜ್ ಮಾಡಿ ಅಣ್ಣ. ಸೀರೀಸ್ ವೈರ್ ನಾನೇ ಬಿಚ್ಚಿಕೊಳ್ಳುತ್ತೇನೆ.