ಕತ್ತಿನ ಕೊಳೆಸೋಂಕಿಗೆ ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆ: ಪ್ರಶ್ನೋತ್ತರ

ಪ್ರಶ್ನೆ: ಹಲ್ಲಿನ ಬುಡದಲ್ಲಿ ಕೀವಾಗಿ, ಆ ಸೋಂಕು ನಮ್ಮಣ್ಣನ ಕತ್ತಿಗೆ ಇಳಿದು, ಒಳಗಿನ ಅಂಗಾಂಶ ಕೊಳೆಯುತ್ತಿದೆ ಎಂದು ವೈದ್ಯರು ತಿಳಿಸಿದ್ದಾರೆ. ಕತ್ತನ್ನು ಕೊಯ್ಯುವ ಬದಲು ಹೈಪರ್‌ಬಾರಿಕ್ ಆಕ್ಸಿಜನ್ (ಮುಚ್ಚಿದ ಕೊಠಡಿಯಲ್ಲಿ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ) ಕೊಡಿಸಿದರೆ ಸಾಲದೇ?

ಉತ್ತರ: ಸಾಲದು. ದಯವಿಟ್ಟು ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒಂದು ಗಂಟೆಯೂ ಮುಂದೂಡಬೇಡಿ. ಇದು ನೆಕ್ರೊಟೈಸಿಂಗ್ ಫ್ಯಾಸೈಟಿಸ್, ಅಂದರೆ ಅಂಗಾಂಶವನ್ನು ಕೊಳೆಸುತ್ತಾ ವೇಗವಾಗಿ ಹರಡುವ ಸೋಂಕು ಆಗಿದ್ದರೆ, ಸ್ನಾಯುಗಳನ್ನು ಸುತ್ತಿರುವ ಪೊರೆಗಳ ಗುಂಟ ಸೋಂಕು ಎದೆಗೂಡಿನೊಳಕ್ಕೂ ಇಳಿಯಬಲ್ಲದು. ಅಲ್ಲಿನ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚಿಹೋಗುವುದರಿಂದ, ಸತ್ತ ಭಾಗಕ್ಕೆ ಆ್ಯಂಟಿಬಯೋಟಿಕ್ಕೂ ತಲುಪುವುದಿಲ್ಲ, ಆಮ್ಲಜನಕವೂ ತಲುಪುವುದಿಲ್ಲ. ಅದನ್ನು ಕತ್ತರಿಸಿ ತೆಗೆಯಲೇಬೇಕು, ಹಲವು ಬಾರಿ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ.

ಆಮ್ಲಜನಕದ ಕೆಲಸವಿರುವುದು ಸತ್ತ ಭಾಗದ ಅಂಚಿನಲ್ಲಿ, ಇನ್ನೂ ಜೀವವಿರುವ ಅಂಗಾಂಶದಲ್ಲಿ. ರೋಗಿ ಸಾಮಾನ್ಯ ಗಾಳಿಯನ್ನು ಉಸಿರಾಡುವಾಗ 100 ಮಿಲಿಲೀಟರ್ ರಕ್ತದ ದ್ರವಭಾಗದಲ್ಲಿ ಕರಗಿರುವ ಆಮ್ಲಜನಕ ಸುಮಾರು 0.3 ಮಿಲಿಲೀಟರ್ ಮಾತ್ರ. ಮೂರು ಪಟ್ಟು ವಾತಾವರಣದ ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಅದು ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ಆಗ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿಯನ್ನು ಮರಳಿ ಪಡೆಯುತ್ತವೆ, ಆಮ್ಲಜನಕವಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಅಡ್ಡಿಯಾಗುತ್ತದೆ. ತರ್ಕ ಗಟ್ಟಿಯಾಗಿದ್ದರೂ ಪುರಾವೆ ಅಷ್ಟು ಗಟ್ಟಿಯಿಲ್ಲ: 2015ರ ಕಾಕ್ರೇನ್ ವಿಮರ್ಶೆಗೆ (ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸುವ ವರದಿ) ಈ ಕಾಯಿಲೆಯಲ್ಲಿ ನಡೆದ ಯಾದೃಚ್ಛಿಕ ಪ್ರಯೋಗ, ಅಂದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಹೋಲಿಸುವ ಅಧ್ಯಯನ, ಒಂದೂ ಸಿಗಲಿಲ್ಲ. ಹಾಗಾಗಿ ಇದನ್ನು ಪೂರಕ ಚಿಕಿತ್ಸೆಯೆಂದೇ ನಾನು ಪರಿಗಣಿಸುತ್ತೇನೆ.

ಇನ್ನೊಬ್ಬರ ಪ್ರಶ್ನೆ: ಗಂಟಲಿನಲ್ಲಿ ಟ್ರಕಿಯಾಸ್ಟಮಿ ನಳಿಕೆ (ಉಸಿರಾಟಕ್ಕಾಗಿ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಹಾಕುವ ನಳಿಕೆ) ಇರುವವರನ್ನು ಆ ಕೊಠಡಿಯೊಳಗೆ ಕಳಿಸಬಹುದೇ?

ಉತ್ತರ: ಕಳಿಸಬಹುದು, ಆದರೆ ಸಿದ್ಧತೆ ಬೇಕು. ನಳಿಕೆಯನ್ನು ಶ್ವಾಸನಾಳದಲ್ಲಿ ಬಿಗಿಯಾಗಿ ಕೂರಿಸುವ ಪುಟ್ಟ ಬಲೂನಿನಲ್ಲಿ ಗಾಳಿಯಿದ್ದರೆ, ಒತ್ತಡ ಏರಿದಾಗ ಅದು ಕುಗ್ಗಿ ಸುತ್ತಲೂ ಸೋರಿಕೆಯಾಗುತ್ತದೆ. ಆದ್ದರಿಂದ ಒಳಗೆ ಕಳಿಸುವ ಮುನ್ನ ಗಾಳಿ ತೆಗೆದು ಸಲೈನ್ ತುಂಬುತ್ತಾರೆ, ಹೊರಬಂದ ಮೇಲೆ ಮತ್ತೆ ಗಾಳಿ ತುಂಬುತ್ತಾರೆ. ಪ್ರಜ್ಞೆಯಿಲ್ಲದ ರೋಗಿ ಎಂಜಲು ನುಂಗಿ ಕಿವಿಯ ಒತ್ತಡವನ್ನು ಸರಿದೂಗಿಸಿಕೊಳ್ಳಲಾರರು, ಹಾಗಾಗಿ ಕಿವಿತಮಟೆಯಲ್ಲಿ ಸಣ್ಣ ರಂಧ್ರ ಮಾಡಬೇಕಾಗಬಹುದು. ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿದ್ದರೆ, ಅದಕ್ಕೆ ಮೊದಲು ಚಿಕಿತ್ಸೆಯಾಗದೆ ಒಳಗೆ ಕಳಿಸಲೇಬಾರದು. ಸಾಮಾನ್ಯವಾಗಿ ಒಂದು ಸರದಿ ಸುಮಾರು 90 ನಿಮಿಷದ್ದು, ಆರಂಭದಲ್ಲಿ ದಿನಕ್ಕೆ ಎರಡು ಬಾರಿಯೂ ಕೊಡುವುದುಂಟು.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ಈ ಸೌಲಭ್ಯ ಬೇರೆ ಆಸ್ಪತ್ರೆಯಲ್ಲಿದ್ದರೆ, ಮೊದಲ ಶಸ್ತ್ರಚಿಕಿತ್ಸೆ ಈಗಿರುವಲ್ಲಿಯೇ ಮುಗಿದು, ಉಸಿರಾಟ ಮತ್ತು ರಕ್ತದೊತ್ತಡ ಸ್ಥಿರವಾದ ಮೇಲಷ್ಟೇ ನಿಮ್ಮಣ್ಣನನ್ನು ಸ್ಥಳಾಂತರಿಸುವ ಬಗ್ಗೆ ವೈದ್ಯರೊಡನೆ ಚರ್ಚಿಸಿ.