ಜಿಪ್ಸಿಯ ಗೇರ್‌ಬಾಕ್ಸ್ ಕೊನೆಯ ಒಂದು ಅಂಗುಲ ಕೂರುತ್ತಿಲ್ಲ, ಸಲಹೆ ಬೇಕು

ಪ್ರಶ್ನೆ (ಕೊಪ್ಪದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಗಾಡಿ. ತೋಟದ ಏರಿನಲ್ಲಿ ಕ್ಲಚ್ ಜಾರತೊಡಗಿದ್ದರಿಂದ ಮನೆಯ ಶೆಡ್ಡಿನಲ್ಲಿಯೇ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗುಗಳನ್ನು ಹೊಸದಾಗಿ ಹಾಕಿದ್ದೇನೆ. ಇಳಿಸುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಏರಿಸುವುದಕ್ಕೆ ಎರಡು ಭಾನುವಾರ ಕಳೆದರೂ ಆಗಿಲ್ಲ. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನೊಳಗೆ ಹೋಗುತ್ತದೆ, ಆದರೆ ಬೆಲ್ ಹೌಸಿಂಗಿಗೂ (ಕ್ಲಚ್ಚನ್ನು ಮುಚ್ಚುವ, ಗೇರ್‌ಬಾಕ್ಸಿನ ಮುಂಭಾಗದ ಕವಚ) ಎಂಜಿನ್ನಿಗೂ ನಡುವೆ ಸುಮಾರು ಒಂದು ಅಂಗುಲ ಸಂದು ಉಳಿಯುತ್ತದೆ. ನಾನೂ ತಮ್ಮನೂ ಅಡಿಯಲ್ಲಿ ಮಲಗಿ ಎಷ್ಟು ನೂಕಿದರೂ ಕದಲುವುದಿಲ್ಲ. ಬೋಲ್ಟು ಹಾಕಿ ಸ್ವಲ್ಪಸ್ವಲ್ಪವಾಗಿ ಬಿಗಿಮಾಡುತ್ತ ಎಳೆದುಕೊಳ್ಳಬಹುದೇ?

ಉತ್ತರ 1 (ಸಕಲೇಶಪುರದಿಂದ)

ದಯವಿಟ್ಟು ಹಾಗೆ ಮಾಡಬೇಡಿ. ಬೆಲ್ ಹೌಸಿಂಗ್ ಅಲ್ಯುಮಿನಿಯಮ್ಮಿನದು. ಬೋಲ್ಟಿನ ಬಲದಿಂದ ಎಳೆದರೆ ಅದರ ಕಿವಿ ಸೀಳಬಹುದು, ಇಲ್ಲವೇ ಹೊಸ ಕ್ಲಚ್ ಪ್ಲೇಟಿನ ನಡುಭಾಗ ಬಾಗಬಹುದು. ಎಲ್ಲವೂ ಸರಿಹೊಂದಿದಾಗ ಗೇರ್‌ಬಾಕ್ಸ್ ಕೈಯ ಬಲಕ್ಕೇ ಹೋಗಿ ಕೂರುತ್ತದೆ, ಬೋಲ್ಟಿಗೆ ಹಿಡಿದಿಡುವ ಕೆಲಸ ಮಾತ್ರ.

ಶಾಫ್ಟಿನ ಹಲ್ಲುಗಳು ಪ್ಲೇಟಿಗೆ ಹೊಂದದೇ ಇದ್ದಿದ್ದರೆ ಸಂದು ಇನ್ನೂ ದೊಡ್ಡದಿರುತ್ತಿತ್ತು. ಒಂದು ಅಂಗುಲಕ್ಕೆ ಬಂದು ನಿಂತಿದೆಯೆಂದರೆ, ಶಾಫ್ಟಿನ ಸಣ್ಣ ತುದಿ ಫ್ಲೈವ್ಹೀಲಿನ (ಎಂಜಿನ್ನಿನ ಹಿಂಬದಿಯ ಭಾರದ ಚಕ್ರ) ನಡುವೆ ಆ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗಿನ ಅಂಚಿಗೆ ತಾಗಿ ನಿಂತಿರುವ ಸಾಧ್ಯತೆಯೇ ಹೆಚ್ಚು. ಪ್ರೆಶರ್ ಪ್ಲೇಟಿನ ಬೋಲ್ಟು ಬಿಗಿಮಾಡುವಾಗ ಕ್ಲಚ್ ಪ್ಲೇಟನ್ನು ಕಣ್ಣಳತೆಯಲ್ಲಿ ನಡುವಿಗೆ ತಂದಿದ್ದರೆ ಸಾಲದು, ಒಂದೆರಡು ಮಿಲಿಮೀಟರ್ ಕೆಳಗೆ ಜಾರಿದರೂ ಹೀಗಾಗುತ್ತದೆ. ಗುಜರಿಯಲ್ಲಿ ಇದೇ ಗಾಡಿಯ ಹಳೆಯ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನೊಳಗೆ ಹೋಗುವ ಇದೇ ಶಾಫ್ಟು) ಸಿಕ್ಕರೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಅದನ್ನು ಪೈಲಟ್ ಬೇರಿಂಗಿನವರೆಗೆ ತೂರಿಸಿಟ್ಟು, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸುತ್ತುಸುತ್ತಾಗಿ ಬಿಗಿಮಾಡಿದ ಮೇಲೆ ಶಾಫ್ಟನ್ನು ಹೊರಗೆಳೆಯಿರಿ. ಸರಾಗವಾಗಿ ಬಂದರೆ ಪ್ಲೇಟು ನಡುವಿನಲ್ಲಿದೆ ಎಂದರ್ಥ. ಶಾಫ್ಟ್ ಸಿಗದಿದ್ದರೆ ಮರದ ಗೂಟಕ್ಕೆ ಟೇಪು ಸುತ್ತಿ ಪ್ಲೇಟಿನ ತೂತು, ಪೈಲಟ್ ಬೇರಿಂಗಿನ ತೂತು ಎರಡರ ಅಳತೆಗೂ ತಂದುಕೊಳ್ಳಿ. ಪ್ಲೇಟಿನ ಸ್ಪ್ರಿಂಗುಗಳಿರುವ ಉಬ್ಬು ಭಾಗ ಗೇರ್‌ಬಾಕ್ಸಿನ ಕಡೆಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಉತ್ತರ 2 (ತೀರ್ಥಹಳ್ಳಿಯಿಂದ)

ಮೇಲಿನ ಮಾತು ಸರಿ. ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಎಂಜಿನ್ ಎರಡು ಬದಿಯ ರಬ್ಬರ್ ಮೌಂಟುಗಳ ಮೇಲಷ್ಟೇ ನಿಂತಿರುತ್ತದೆ, ಹಿಂಭಾಗ ಕೆಳಕ್ಕೆ ವಾಲುತ್ತದೆ. ನೀವು ಗೇರ್‌ಬಾಕ್ಸನ್ನು ಮಟ್ಟಸವಾಗಿ ಹಿಡಿದಷ್ಟೂ ಎರಡೂ ಒಂದಕ್ಕೊಂದು ಕೋನದಲ್ಲಿರುತ್ತವೆ. ಆಯಿಲ್ ಪ್ಯಾನಿನ ಕೆಳಗೆ ಅಗಲವಾದ ಹಲಗೆಯಿಟ್ಟು ಜಾಕಿನಿಂದ ಎಂಜಿನ್ನನ್ನು ಮೆಲ್ಲಗೆ ಎತ್ತಿ, ಸಂದು ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಒಂದೇ ಅಗಲ ಬರುವವರೆಗೆ ಹೊಂದಿಸಿ.

ಹಲ್ಲು ಹೊಂದಿದೆಯೋ ಇಲ್ಲವೋ ತಿಳಿಯಲು ಟಾಪ್ ಗೇರಿಗೆ ಹಾಕಿ, ಗೇರ್‌ಬಾಕ್ಸಿನ ಹಿಂತುದಿಯ ಫ್ಲ್ಯಾಂಜನ್ನು (ಮುಂದಿನ ಶಾಫ್ಟು ಜೋಡಿಸುವ ಬಿಲ್ಲೆ) ಕೈಯಲ್ಲಿ ತಿರುಗಿಸಿ. ಅದು ಹಗುರವಾಗಿ ತಿರುಗುತ್ತಿದ್ದರೆ ಹಲ್ಲು ಕೂಡಿಲ್ಲ. ಎಂಜಿನ್ನಿನ ಭಾರ ಕೈಗೆ ತಿಳಿದರೆ ಕೂಡಿದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಪ್ರತ್ಯೇಕವಾಗಿ ಚಾಸಿಗೆ ಕೂತಿರುವುದರಿಂದ ಅದನ್ನು ಮುಟ್ಟಬೇಕಿಲ್ಲ, ನಡುವಿನ ಗಿಡ್ಡ ಶಾಫ್ಟನ್ನು ಮಾತ್ರ ಬಿಚ್ಚುವ ಮುನ್ನ ಇದ್ದಂತೆಯೇ ಕೂರಿಸಿದರಾಯಿತು. ಆ ಶಾಫ್ಟು ಕಳಚಿರುವಾಗ ಗೇರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ. ಚಕ್ರಗಳಿಗೆ ಅಡೆ ಕೊಡದೆ, ಗಟ್ಟಿಯಾದ ಸ್ಟ್ಯಾಂಡ್ ಇಡದೆ ಬರೀ ಜಾಕಿನ ನಂಬಿಕೆಯ ಮೇಲೆ ಇಬ್ಬರೂ ಅಡಿಗೆ ಮಲಗಬೇಡಿ. ಕೊನೆಗೆ ಆಯಿಲ್ ತುಂಬುವಾಗ ಜಿಎಲ್-4 ದರ್ಜೆಯದನ್ನೇ ಕೇಳಿ ತನ್ನಿ, ಜಿಎಲ್-5ರಲ್ಲಿರುವ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆಯ ರಿಂಗುಗಳನ್ನು ತಿನ್ನಬಲ್ಲದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಗೇರ್‌ಬಾಕ್ಸನ್ನು ಮತ್ತೆ ಇಳಿಸಿ ಟಾರ್ಚ್ ಹಿಡಿದು ನೋಡಿದಾಗ ಪೈಲಟ್ ಬೇರಿಂಗಿನ ಕೆಳಅಂಚನ್ನು ಪ್ಲೇಟು ಬಾಲಚಂದ್ರನ ಆಕಾರದಲ್ಲಿ ಮರೆಮಾಡಿತ್ತು. ಹಳೆಯ ಶಾಫ್ಟು ಸಿಗಲಿಲ್ಲವಾದ್ದರಿಂದ ಪೊರಕೆಯ ಹಿಡಿಗೆ ಟೇಪು ಸುತ್ತಿ ಪ್ಲೇಟನ್ನು ನಡುವಿಗೆ ತಂದೆ, ಎಂಜಿನ್ನಿಗೆ ಹಲಗೆಯ ಆಸರೆ ಕೊಟ್ಟೆ. ನನ್ನ ತಮ್ಮನು ಹಿಂದಿನ ಫ್ಲ್ಯಾಂಜ್ ತಿರುಗಿಸುತ್ತಿದ್ದಂತೆ ಒಮ್ಮೆ ‘ಟಕ್’ ಎಂದು ಸದ್ದಾಗಿ ಬೆಲ್ ಹೌಸಿಂಗ್ ತಾನಾಗಿಯೇ ಜಾಗ ಹೊಂದಿಸುವ ಡೋವೆಲ್ ಪಿನ್ನುಗಳ ಮೇಲೆ ಕೂತಿತು. ಇನ್ನು ಸ್ಟಾರ್ಟರ್ ಮೋಟಾರ್ ಕಟ್ಟಿ, ಕ್ಲಚ್ ಕೇಬಲ್ ಹೊಂದಿಸುವುದಷ್ಟೇ ಉಳಿದಿದೆ.