18 ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್: ಮನೆ ಗುಂಪಿನಲ್ಲಿ ಒಂದು ಜಗಳ

ಗುಂಪು: ಹಳೇಮನೆ ಬಳಗ

ವೀಣಕ್ಕ: (ಫೋಟೋ) ಇವತ್ತು ಪೇಪರ್ ಒಳಗೆ ಇಟ್ಟಿದ್ದರು. ನಮ್ಮ ಲೇಔಟ್‌ನಲ್ಲೇ ಹೊಸ ಕರಾಟೆ ಕ್ಲಾಸ್. 18 ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂತೆ. ಎಲ್ಲಾ ಬೆಲ್ಟ್ ಟೆಸ್ಟ್ ಫೀಸೂ ಪ್ಯಾಕೇಜ್‌ನಲ್ಲೇ ಸೇರಿದೆ. ಅಥರ್ವನನ್ನು ಈಗಿನ ಕ್ಲಾಸ್ ಬಿಡಿಸಿ ಇಲ್ಲಿಗೆ ಹಾಕೋಣ ಅಂತಿದ್ದೇನೆ. ಏನಂತೀರಿ?

ಮೈಸೂರು ದೊಡ್ಡಪ್ಪ: ಒಳ್ಳೆಯದಮ್ಮ. ತಡ ಮಾಡಬೇಡ, ಸೇರಿಸು.

ಅನು: ಅಕ್ಕಾ, ಬೇಡ.

ವೀಣಕ್ಕ: ಬೇಡ ಅಂದರೆ? ಕಾರಣ ಹೇಳು. ಅವನು ಗ್ರೀನ್ ಬೆಲ್ಟ್‌ನಲ್ಲೇ ನಿಂತುಬಿಟ್ಟಿದ್ದಾನೆ. ಹೋದ ಸಲ ಗ್ರೇಡಿಂಗ್‌ನಲ್ಲಿ, ಅಂದರೆ ಬೆಲ್ಟ್ ಟೆಸ್ಟ್‌ನಲ್ಲಿ, ಮಾಸ್ಟರ್ ಪಾಸ್ ಮಾಡಲೇ ಇಲ್ಲ. ಎದುರು ಮನೆ ಹುಡುಗ ಇವನ ಜೊತೆಗೇ ಇನ್ನೊಂದು ಕಡೆ ಸೇರಿದವನು, ಆಗಲೇ ಬ್ರೌನ್. ಇವನು ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಾನೆ.

ಅನು: ಪರೀಕ್ಷೆಗೆ ಮುಂಚೆಯೇ ಪಾಸ್ ಅಂತ ಹೇಳಿದರೆ ಪರೀಕ್ಷೆ ಯಾಕೆ ಬೇಕು?

ಪ್ರಸಾದ ಮಾವ: ಟ್ಯುಟೋರಿಯಲ್‌ನವರೂ ಬೋರ್ಡ್ ಹಾಕುತ್ತಾರಲ್ಲ, ‘ಫೇಲ್ ಆದರೆ ಹಣ ವಾಪಸ್’ ಅಂತ. ಅದಕ್ಕೆ ಯಾರೂ ಜಗಳ ಮಾಡಲ್ಲ.

ಅನು: ಮಾವ, ಅಲ್ಲಿ ಪ್ರಶ್ನೆಪತ್ರಿಕೆ ಕೊಡುವವರು ಬೇರೆ, ಪೇಪರ್ ತಿದ್ದುವವರು ಬೇರೆ. ಇಲ್ಲಿ ಕಲಿಸುವವರು, ಪರೀಕ್ಷೆ ಮಾಡುವವರು, ಫೀಸ್ ತೆಗೆದುಕೊಳ್ಳುವವರು, ಸರ್ಟಿಫಿಕೇಟ್ ಪ್ರಿಂಟ್ ಹಾಕಿಸುವವರು ಎಲ್ಲಾ ಒಬ್ಬರೇ ಆಗಿರಬಹುದು.

ಮೈಸೂರು ದೊಡ್ಡಪ್ಪ: ಕರಪತ್ರದಲ್ಲಿ ‘ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್’ ಅಂತ ಬರೆದಿದೆ. ಕನ್ನಡಕ ಹಾಕಿಕೊಂಡು ಓದು.

ಅನು: ಓದಿದೆ ದೊಡ್ಡಪ್ಪ. ಇಡೀ ಪ್ರಪಂಚಕ್ಕೆ ಬೆಲ್ಟ್ ಕೊಡುವ ಒಂದೇ ಸಂಸ್ಥೆ ಅಂತ ಯಾವುದೂ ಇಲ್ಲ. ಒಂದೊಂದು ಸಂಘಕ್ಕೆ ಒಂದೊಂದು ಪಠ್ಯ, ಒಂದೊಂದು ಬಣ್ಣದ ಸಾಲು. ಒಬ್ಬರ ಬ್ರೌನ್ ಪಕ್ಕದಲ್ಲಿ ಇನ್ನೊಬ್ಬರ ಗ್ರೀನ್ ಇಟ್ಟು ಹೋಲಿಸಿದರೆ ಏನೂ ಗೊತ್ತಾಗಲ್ಲ.

ಕಿಟ್ಟಿ: ನಿಜ. ನಾನು ಕಾಲೇಜಲ್ಲಿ ಕಲಿತದ್ದು ಕ್ಯೋಕುಶಿನ್ ಅನ್ನುವ ಇನ್ನೊಂದು ಕರಾಟೆ ಶೈಲಿ. ಅಲ್ಲಿ ಆರೆಂಜ್ ಆದಮೇಲೆ ಬ್ಲೂ, ಬ್ಲೂ ಆದಮೇಲೆ ಯೆಲ್ಲೋ. ಯೆಲ್ಲೋ ಬಂತು ಅಂತ ಊರಲ್ಲಿ ಹೇಳಿದರೆ ‘ಇನ್ನೂ ಶುರುನಲ್ಲೇ ಇದ್ದೀಯಾ’ ಅಂತ ನಕ್ಕಿದ್ದರು.

ವೀಣಕ್ಕ: ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ವಾ? ಸುಮ್ನೆ ದುಡ್ಡು ಕಟ್ಟುತ್ತಿದ್ದೀವಾ?

ಅನು: ಬೆಲೆ ಇದೆ, ಆ ಕ್ಲಾಸ್ ಒಳಗೆ. ಯಾರಿಗೆ ಏನು ಕಲಿಸಬೇಕು ಅಂತ ಮಾಸ್ಟರ್‌ಗೆ ದೂರದಿಂದಲೇ ಕಾಣುತ್ತೆ. ಬ್ಲ್ಯಾಕ್‌ಗಿಂತ ಕೆಳಗಿನ ದರ್ಜೆಗೆ ಕ್ಯು ಅಂತಾರೆ, ಅದರ ಸಂಖ್ಯೆ ಇಳಿಯುತ್ತಾ ಹೋಗುತ್ತೆ. ತುಂಬಾ ಕಡೆ ಹತ್ತರಿಂದ ಒಂದಕ್ಕೆ. ಬ್ಲ್ಯಾಕ್ ಬಂದಮೇಲೆ ಡಾನ್, ಅದು ಒಂದರಿಂದ ಮೇಲಕ್ಕೆ. ಕರಪತ್ರದವರು ಗ್ಯಾರಂಟಿ ಕೊಡುತ್ತಿರುವುದು ಮೊದಲ ಡಾನ್, ಅಂದರೆ ಆ ಎಣಿಕೆಯ ಮೊದಲನೇ ಮೆಟ್ಟಿಲು.

ಮೈಸೂರು ದೊಡ್ಡಪ್ಪ: ಇದೆಲ್ಲ ಸಾವಿರಾರು ವರ್ಷದ ಸಂಪ್ರದಾಯ. ಬಿಳಿ ಬೆಲ್ಟನ್ನು ಒಗೆಯದೆ ಕಟ್ಟಿಕೊಂಡು ಕಟ್ಟಿಕೊಂಡು ಬೆವರು, ಮಣ್ಣು ಹತ್ತಿ ಕಪ್ಪಾಗುತ್ತಿತ್ತಂತೆ. ಅದೇ ನಿಜವಾದ ಬ್ಲ್ಯಾಕ್ ಬೆಲ್ಟ್. ಈ ವಿದ್ಯೆ ಕಲಿಸಿದ ಅಂತಾರಲ್ಲ, ಆ ಬೋಧಿಧರ್ಮ ನಮ್ಮ ದಕ್ಷಿಣದವನೇ ತಾನೆ?

ಅನು: ಬೋಧಿಧರ್ಮನ ಜಗಳ ಇನ್ನೊಂದು ದಿನ ಆಡೋಣ ದೊಡ್ಡಪ್ಪ. ಕೊಳೆ ಹತ್ತಿ ಕಪ್ಪಾಯಿತು ಅನ್ನೋದು ಕಟ್ಟುಕಥೆ. ಹೋರಾಟದ ಕಲೆಗಳಲ್ಲಿ ಡಾನ್ ದರ್ಜೆ ಶುರು ಮಾಡಿದ್ದು ಜೂಡೋ ಕಟ್ಟಿದ ಕಾನೊ ಜಿಗೊರೊ. 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಆ ಲೆಕ್ಕ ‘ಗೋ’ ಅನ್ನುವ ಮಣೆಯಾಟದ ಆಟಗಾರರಿಗೆ ಮೊದಲೇ ಇತ್ತು. ಕಪ್ಪು ಬೆಲ್ಟ್ ಬಂದದ್ದು ಅದಾದ ಕೆಲವು ವರ್ಷಕ್ಕೆ. ಕರಾಟೆಯಲ್ಲಂತೂ ಇನ್ನೂ ತಡ. ಕರಾಟೆ ಗುರು ಫುನಾಕೊಶಿ ಗಿಚಿನ್ ಒಕಿನಾವಾದಿಂದ ಟೋಕಿಯೋಗೆ ಬಂದದ್ದೇ 1922ರಲ್ಲಿ. ತಮ್ಮ ಶಿಷ್ಯರಿಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟದ್ದು 1924ರಲ್ಲಿ. ನಮ್ಮ ಅಜ್ಜನ ಕಾಲ, ಅಷ್ಟೇ.

ಮೈಸೂರು ದೊಡ್ಡಪ್ಪ: ಒಲಿಂಪಿಕ್ಸ್‌ನಲ್ಲಿ ಕೆಂಪು ಬೆಲ್ಟ್, ನೀಲಿ ಬೆಲ್ಟ್ ಕಟ್ಟಿದ್ದರು. ನಾನೇ ಟಿವಿಯಲ್ಲಿ ನೋಡಿದ್ದೇನೆ. ಅವರಿಗೆ ಬ್ಲ್ಯಾಕ್ ಬಂದಿರಲಿಲ್ವೇ?

ಅನು: ಅದು ಇಬ್ಬರಲ್ಲಿ ಯಾರು ಯಾರು ಅಂತ ರೆಫರಿಗೆ, ನಮಗೆ ಗೊತ್ತಾಗಲಿ ಅಂತ. 2021ರಲ್ಲಿ ನಡೆದ ಟೋಕಿಯೋ ಪಂದ್ಯದಲ್ಲಿ ಯಾರ ಸೊಂಟ ನೋಡಿದರೂ ಅವರ ದರ್ಜೆ ತಿಳಿಯುತ್ತಿರಲಿಲ್ಲ.

ಪ್ರಸಾದ ಮಾವ: ಬ್ಲ್ಯಾಕ್ ಬೆಲ್ಟ್ ಬಂದರೆ ಪೊಲೀಸ್ ಸ್ಟೇಷನ್‌ನಲ್ಲಿ ಹೆಸರು ಬರೆಸಬೇಕಂತಲ್ಲ, ಕೈಯೇ ಆಯುಧ ಅಂತ. ಅಥರ್ವನಿಗೆ ಅದೆಲ್ಲ ಕಿರಿಕಿರಿ ಬೇಡಪ್ಪ.

ಕಿಟ್ಟಿ: ಮಾವ, ಹಾಗಿದ್ದರೆ ಸ್ಟೇಷನ್ ಮುಂದೆ ಮೂರನೇ ಕ್ಲಾಸ್ ಮಕ್ಕಳ ಕ್ಯೂ ಇರುತ್ತಿತ್ತು. ಅಂಥ ಕಾನೂನೇ ಇಲ್ಲ.

ವೀಣಕ್ಕ: ಇತಿಹಾಸ ಎಲ್ಲ ಸರಿ. ಹತ್ತು ವರ್ಷದ ಹುಡುಗನಿಗೆ ಇದನ್ನೆಲ್ಲ ಹೇಗೆ ಹೇಳಲಿ? ಆಗಾಗ ಹೊಸ ಬಣ್ಣ ಸಿಕ್ಕಿದರೆ ತಾನೇ ಹುಮ್ಮಸ್ಸಿನಿಂದ ಹೋಗೋದು? ನೀನು ದೊಡ್ಡವಳಾದ ಮೇಲೆ ಕಲಿತವಳು, ನಿನಗೆ ತಾಳ್ಮೆ ಇತ್ತು.

ಅನು: ಇದು ಮಾತ್ರ ನೀನು ಸರಿಯಾಗಿ ಹೇಳಿದೆ. ಬಣ್ಣಗಳು ಜಾಸ್ತಿಯಾದದ್ದೇ ಅದಕ್ಕೆ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿ ಅನ್ನುವವರು ಮಧ್ಯದ ಬಣ್ಣಗಳನ್ನು ಚೆನ್ನಾಗಿ ಬಳಕೆಗೆ ತಂದರು. ಕಲಿಯುವವರಿಗೆ ಹತ್ತಿರದಲ್ಲೇ ಒಂದು ಗುರಿ ಕಾಣಬೇಕಲ್ಲ. ಅಥರ್ವನಿಗೂ ಬೇಕು. ಅವನ ಮಾಸ್ಟರ್ ಬೆಲ್ಟ್ ಮೇಲೆ ಒಂದು ಪಟ್ಟಿ ಟೇಪ್ ಅಂಟಿಸಿ ‘ಅರ್ಧ ಆಯಿತು’ ಅಂದರೂ ಸಾಕು, ಕೇಳಿ ನೋಡು. ಆದರೆ ಯಾರನ್ನೂ ನಿಲ್ಲಿಸದ ಕಡೆ ಬಣ್ಣ ಬಂದರೂ ಮಕ್ಕಳಿಗೆ ಖುಷಿ ಇರಲ್ಲ. ಎಲ್ಲರಿಗೂ ಬರುತ್ತೆ ಅಂತ ಅವರಿಗೂ ಗೊತ್ತಾಗಿಬಿಡುತ್ತೆ.

ಅನು: ಅಂದ ಹಾಗೆ, ಹೋದ ಸಲ ಏನು ತಪ್ಪಿತು ಅಂತ ಮಾಸ್ಟರ್ ಹೇಳಿದ್ದಾರಾ?

ವೀಣಕ್ಕ: ಒಂದು ಚೀಟಿ ಕೊಟ್ಟಿದ್ದರು. ಹುಡುಕಬೇಕು. ತಾಳು.

ವೀಣಕ್ಕ: ಸಿಕ್ಕಿತು. ‘ಹೇಯನ್ ಯೋಂದಾನ್. ಕೊಕುತ್ಸು ದಾಚಿಯಲ್ಲಿ ಭಾರ ಮುಂದಕ್ಕೆ ಬೀಳುತ್ತೆ. ಪಕ್ಕದ ಒದೆತ ಆದಮೇಲೆ ಕಾಲು ಹಿಂದಕ್ಕೆ ಎಳೆಯುತ್ತಿಲ್ಲ. ಕುಮಿಟೆ ಚೆನ್ನಾಗಿದೆ.’ ಏನು ಇದು, ಬೀಜಗಣಿತ?

ಅನು: ಅಕ್ಕಾ, ಇಂಥ ಮಾಸ್ಟರನ್ನು ಬಿಡಿಸುತ್ತೀಯಾ? ಅವನು ಕಲಿಯುವ ಶೋಟೋಕಾನ್ ಶೈಲಿಯಲ್ಲಿ ಮಕ್ಕಳ ದಾರಿಯೇ ಇದು. ಹೇಯನ್ ಅಂತ ಐದು ಕಟಾ, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ-ತಡೆಗಳ ಸಾಲು, ಒಂದಾದ ಮೇಲೆ ಒಂದು. ಆಮೇಲೆ ತೆಕ್ಕಿ ಶೋದಾನ್, ಬ್ರೌನ್‌ನಲ್ಲಿ ಬಸ್ಸಾಯಿ ದಾಯ್. ಪ್ರತಿ ಗ್ರೇಡಿಂಗ್‌ನಲ್ಲೂ ಮೂರು ನೋಡುತ್ತಾರೆ: ಬಿಡಿ ಹೊಡೆತ-ತಡೆಗಳು, ಕಟಾ, ಎದುರಾಳಿ ಜೊತೆ ಕುಮಿಟೆ. ಯೋಂದಾನ್ ನಾಲ್ಕನೇ ಕಟಾ. ಕೊಕುತ್ಸು ಅಂದರೆ ಹಿಂದಿನ ಕಾಲಿನ ಮೇಲೆ ನೂರಕ್ಕೆ ಸುಮಾರು 70 ಭಾಗ ಭಾರ ಇಟ್ಟು ನಿಲ್ಲೋದು. ಭಾರ ಮುಂದೆ ಬಿದ್ದರೆ ಮುಂದಿನ ಕಾಲು ಎತ್ತಿ ತಕ್ಷಣ ಒದೆಯಲು ಆಗಲ್ಲ. ಈಗಲೇ ತಿದ್ದದಿದ್ದರೆ ಬ್ರೌನ್‌ವರೆಗೂ ಅದೇ ಕಾಲು ಕಾಡುತ್ತೆ. ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ನಿಲ್ಲಿಸು. ಯಾವ ಪ್ಯಾಕೇಜೂ ಬೇಡ.

ಕಿಟ್ಟಿ: ಆ ಹೊಸ ಕ್ಲಾಸ್‌ಗೆ ಒಂದು ಫೋನ್ ಮಾಡು ವೀಣಕ್ಕ. ‘ಹೋದ ಸಲ ಎಷ್ಟು ಜನ ಪಾಸಾಗಲಿಲ್ಲ’ ಅಂತ ಕೇಳು. ಬೇರೇನೂ ಕೇಳಬೇಡ.

ಮೈಸೂರು ದೊಡ್ಡಪ್ಪ: ಪಾಪ, ಹೊಟ್ಟೆಪಾಡಿಗೆ ಕ್ಲಾಸ್ ತೆಗೆದಿರುತ್ತಾರೆ. ಸುಮ್ನೆ ಅನುಮಾನ ಪಡಬಾರದು.

ಅನು: ಹೊಟ್ಟೆಪಾಡು ತಪ್ಪಲ್ಲ ದೊಡ್ಡಪ್ಪ. ಗ್ರೇಡಿಂಗ್‌ಗೆ ಫೀಸ್ ತೆಗೆದುಕೊಳ್ಳುವುದೂ ತಪ್ಪಲ್ಲ, ನಮ್ಮ ಮಾಸ್ಟರೂ ತೆಗೆದುಕೊಳ್ಳುತ್ತಾರೆ. ಫೇಲ್ ಮಾಡಿದರೆ ಗಿರಾಕಿ ಹೋಗುತ್ತಾನೆ ಅನ್ನುವ ಭಯ ಬಂದರೆ ಕಷ್ಟ.

ವೀಣಕ್ಕ: ಫೋನ್ ಮಾಡಿದೆ. ‘ನಮ್ಮಲ್ಲಿ ಯಾರೂ ಫೇಲ್ ಆಗಲ್ಲ ಮೇಡಂ’ ಅಂದರು. ಗ್ರೀನ್ ಇದ್ದರೆ ನೇರ ಬ್ರೌನ್‌ಗೆ ಹಾಕಿಕೊಳ್ಳುತ್ತಾರಂತೆ, ಹುಡುಗನನ್ನು ಕರೆದುಕೊಂಡು ಬರೋದೂ ಬೇಡ, ಹಳೆ ಸರ್ಟಿಫಿಕೇಟ್ ಫೋಟೋ ಕಳಿಸಿ ಸಾಕು ಅಂದರು.

ಕಿಟ್ಟಿ: ವಾಟ್ಸಾಪ್‌ನಲ್ಲೇ ಬ್ರೌನ್!

ಅನು: ಬೇರೆ ಕಡೆಯಿಂದ ಬಂದವರನ್ನು ಎಷ್ಟೋ ಕ್ಲಾಸ್‌ಗಳಲ್ಲಿ ಮತ್ತೆ ವೈಟ್ ಕಟ್ಟಿಸಿ ನಿಲ್ಲಿಸುತ್ತಾರೆ, ಇಲ್ಲವೇ ಒಂದು ಕಟಾ ಮಾಡಿಸಿ ನೋಡಿ ಜಾಗ ಕೊಡುತ್ತಾರೆ. ಇವರು ನೋಡಲೂ ಇಲ್ಲ.

ವೀಣಕ್ಕ: ಆಯ್ತು ಬಿಡು. ಮುಂದಿನ ಗ್ರೇಡಿಂಗ್‌ವರೆಗೆ ಇಲ್ಲೇ ಇರಲಿ. ಅನು, ಭಾನುವಾರ ಬಂದು ಆ ಕೊಕುತ್ಸು ಹೇಳಿಕೊಡು, ಊಟಕ್ಕೆ ಇಲ್ಲೇ ಇರು. ಮತ್ತೆ, ಎದುರು ಮನೆ ಹುಡುಗನ ಬ್ರೌನ್ ಬಗ್ಗೆ ಇಲ್ಲಿ ಮಾತಾಡಿದ್ದು ಹೊರಗೆ ಹೋಗಬಾರದು.

ಪದ್ಮತ್ತೆ: ಅಯ್ಯೋ, ಈಗ ಹೇಳ್ತೀಯಲ್ಲೇ! ಅನು ಬರೆದದ್ದು ಚೆನ್ನಾಗಿತ್ತು ಅಂತ ಅವರಮ್ಮನಿಗೆ ಆಗಲೇ ಕಳಿಸಿದೆ.